ಅತ್ತೆಯ ಡಾಬು

ಈ ಕಥೆಯನ್ನು ಇಬ್ಬರು ಹೆಂಗಸರಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಳಿದ ತೂಕದ ಕಿಲೋ ಲೆಕ್ಕ ಬದಲಾಯಿತು, ಮಾತು ಬದಲಾಗಲಿಲ್ಲ.

ಒಂದು ಮನೆಯಲ್ಲಿ ಇಬ್ಬರು ಸೊಸೆಯರು, ಇಬ್ಬರೂ ದಪ್ಪ. ಅತ್ತೆ ತನ್ನ ಸೊಂಟದ ಚಿನ್ನದ ಡಾಬನ್ನು ಬಿಚ್ಚಿ ತೋರಿಸಿ, "ಯುಗಾದಿಯ ಹೊತ್ತಿಗೆ ಇದು ಯಾರ ಸೊಂಟಕ್ಕೆ ಕೂಡುತ್ತದೋ ಅವಳಿಗೇ" ಎಂದಳು. ಇಬ್ಬರೂ ಅನ್ನ ಬಿಟ್ಟು ರಾಗಿ ಅಂಬಲಿ ಹಿಡಿದರು. ಮೊದಲ ತಿಂಗಳು ಇಬ್ಬರೂ ಇಳಿದರು. ಆಮೇಲೆ ಇಬ್ಬರ ತೂಕವೂ ಇದ್ದಲ್ಲೇ ನಿಂತುಬಿಟ್ಟಿತು.

ತನ್ನದು ಇಳಿಯದಿದ್ದರೆ ಅವಳದು ಏರಲಿ ಎಂದುಕೊಂಡ ಹಿರಿಯಳು, ದಿನವೂ ಬೆಳಿಗ್ಗೆ ಕಿರಿಯಳ ಅಂಬಲಿಗೆ ಗುಟ್ಟಾಗಿ ಒಂದು ಚಮಚ ತುಪ್ಪ ಬೆರೆಸತೊಡಗಿದಳು. ಕಿರಿಯಳ ರವಿಕೆಗಳು ಮಾತ್ರ ವಾರದಿಂದ ವಾರಕ್ಕೆ ಸಡಿಲವಾದವು.

"ನೀನು ನೋಡ್ತಾ ಕೂತಿರು ದೊಡ್ಡವಳೇ, ಅವಳು ಡಾಬು ಕಟ್ಕೊಂಡು ಓಡಾಡ್ತಾಳೆ" ಎಂದು ಅತ್ತೆ ಚುಚ್ಚಿದಳು. ಹಿರಿಯಳು ಹೊಟ್ಟೆಯುರಿಯಿಂದ ಮರುದಿನದಿಂದ ಕಿರಿಯಳ ಅಂಬಲಿಗೆ ಎರಡು ಚಮಚ ಹಾಕಿದಳು.

ಯುಗಾದಿಯ ಬೆಳಿಗ್ಗೆ ಡಾಬಿನ ಕೊಂಡಿ ಕಿರಿಯಳ ಸೊಂಟದಲ್ಲಿ ಸಲೀಸಾಗಿ ಕೂಡಿತು. ಹಿರಿಯಳು ತಡೆಯಲಾರದೆ ಅವಳನ್ನು ಅಡುಗೆಮನೆಗೆ ಕರೆದಳು.

"ನಿಜ ಹೇಳು, ಯಾರ ಹತ್ತಿರ ಮದ್ದು ತಗೊಂಡೆ?"

"ಮದ್ದೆಲ್ಲಿಯದು ಅಕ್ಕ? ಅಂಬಲಿ ಕುಡಿದ ಒಂದು ಗಂಟೆಗೆ ಹಸಿವು ತಡೆಯೋಕಾಗದೆ ಕದ್ದು ಚಕ್ಕುಲಿ ತಿಂತಿದ್ದೆ. ಅದಕ್ಕೇ ತೂಕ ನಿಂತಿತ್ತು."

"ಮತ್ತೆ ಚಕ್ಕುಲಿ ಹೇಗೆ ಬಿಟ್ಟೆ?"

"ಯಾರೋ ಪುಣ್ಯಾತ್ಮರು ಅಂಬಲಿಗೆ ತುಪ್ಪ ಹಾಕೋಕೆ ಶುರುಮಾಡಿದ್ರು, ಆಮೇಲೆ ಮಧ್ಯಾಹ್ನದವರೆಗೂ ಹಸಿವೇ ಆಗ್ತಿರಲಿಲ್ಲ."