ಹಾಡಿದವರ ಹೆಸರು

“ಇದೂ ಬ್ಯಾಡ, ತೆಗಿ,” ಎಂದು ಫಕ್ರುದ್ದೀನ ಸಾಹುಕಾರರು ಲ್ಯಾಪ್‌ಟಾಪನ್ನು ಮಗಳು ನಿಖತಳ ಕಡೆ ನೂಕಿದರು. ತಿಕೋಟಾದ ತಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂತು, ಮೂವತ್ತು ವರ್ಷಗಳಿಂದ ತಾವೇ ರೆಕಾರ್ಡ್ ಮಾಡುತ್ತ ಬಂದ ಜನಪದ ಹಾಡುಗಳ ಪಟ್ಟಿ ಮಾಡಲು ಅವರು ನೋಡಿದ ಮೂರನೇ ಸಾಫ್ಟ್‌ವೇರ್ ಅದು. ಮೊದಲನೆಯದಕ್ಕೆ ಕನ್ನಡವೇ ಬರುತ್ತಿರಲಿಲ್ಲ. ಎರಡನೆಯದು ಮೊಹರಮ್ಮಿನ ರಿವಾಯತ ಪದಗಳನ್ನು ಸಿನಿಮಾ ಹಾಡುಗಳ ಸಾಲಿಗೆ ಸೇರಿಸಿತ್ತು. ಇದಂತೂ ಹಾಡಿದವರ ಹೆಸರು ಬರೆಯದೆ ಮುಂದಕ್ಕೇ ಹೋಗುತ್ತಿರಲಿಲ್ಲ.

“ಇದನ್ನ ಮಾಡಿದಾಂವಗ ಹಾಡು ಅಂದ್ರ ಏನಂತ ಗೊತ್ತೈತೇನು? ಬೀಸೂ ಪದಕ್ಕೂ ಹೆಸರ ಬೇಕಂತ, ಹೆಸರ! ಯಾವಾಕಿನೋ ಹೆಣ್ಣಾಳು ಅಂತ ಬರಿ, ಸಾಕು.”

ನಿಖತ ಬರೆಯಲಿಲ್ಲ. ಯಾರ ದನಿಯೆಂದು ತಿಳಿಯಲು ಹಾಡು ಹಚ್ಚಿದಳು. ಮೂಲೆಯಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದ ಮುರಿಗೆವ್ವನ ಕೈ ನಿಂತಿತು. ಎರಡನೇ ಸಾಲಿಗೆ ಆಕೆಯೂ ದನಿಗೂಡಿಸಿದಳು. ವಯಸ್ಸಾಗಿ ತುಸು ಒಡೆದಿದ್ದರೂ ಅದೇ ದನಿ. ಸಾಹುಕಾರರು ತಲೆ ತಗ್ಗಿಸಿದರು.

ಹಾಡು ಮುಗಿದ ಮೇಲೆ ಮುರಿಗೆವ್ವ ಎದ್ದು ಬಂದು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “‘ಮುರಿಗೆವ್ವಾ, ಚಾ ತಾ’ ಅಂತ ದಿನಾ ಕೂಗೂದಕ್ಕ ಹೆಸರ ನೆನಪಿರತೈತಿ. ಹಾಡಿದ್ದಕ್ಕ ಮಾತ್ರ ಮರತ ಹೋತೇನ್ರಿ ಸಾವ್ಕಾರ್ರ? ಬರೀರಿ. ನಿಮ್ಮ ಕೈಲೇ ಬರೀರಿ.”

ಸಾಹುಕಾರರು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ಬರೆದು ಮುಗಿಯುವವರೆಗೂ ಮುರಿಗೆವ್ವ ಸೊಂಟದ ಮೇಲೆ ಕೈಯಿಟ್ಟು ಎದುರೇ ನಿಂತಿದ್ದಳು.