ಹಳ್ಳದಾಚೆಯ ಬಾಳವ್ವ

ಹೊಸ ಔಷಧ ಬಂದಾಗಲೆಲ್ಲ ಆರೋಗ್ಯ ಇಲಾಖೆಯವರು ಹಳ್ಳದಾಚೆ ಊರಿನದೊಂದು ನಕಲು ನಿಲ್ಲಿಸುವುದು ಬಾಳವ್ವನಿಗೆ ಹೊಸದಾಗಿರಲಿಲ್ಲ. ಅವೇ ಮನೆಗಳು, ಅವೇ ಎಮ್ಮೆಗಳು, ಅದೇ ಜನ. ಈಚೆಯ ಮಕ್ಕಳಿಗೆ ಔಷಧ, ಆಚೆಯವರಿಗೆ ಬರೀ ಸಕ್ಕರೆ ನೀರು. ಸುಗ್ಗಿ ಮುಗಿದ ಮೇಲೆ ಎರಡೂ ಕಡೆಯ ಮಕ್ಕಳನ್ನು ತೂಗಿ, ಔಷಧದ ಗುಣ ತಿಳಿಯುತ್ತಿದ್ದರು.

ಬಟ್ಟೆ ಒಗೆಯುತ್ತ ಬಾಳವ್ವ ಎದುರು ದಂಡೆಯ ಬಾಳವ್ವನನ್ನು ಕೇಳಿದಳು. "ತಂಗಿ, ನಿನ್ನ ಮಲ್ಲು ಹ್ಯಾಂಗದಾನ? ನಮ್ಮಾಂವಗ ಭೇದಿ ನಿಂತೈತಿ."

"ನಮ್ಮಾಂವಗ ಎಲ್ಲಿ ನಿಂತೈತಿ ಅಕ್ಕಾ? ಎತ್ತಿಕೊಂಡ್ರ ಹತ್ತಿ ಎತ್ತಿದಂಗ ಆಗತೈತಿ."

ಬಾಳವ್ವನ ಕೈ ಬಟ್ಟೆಯ ಮೇಲೇ ನಿಂತಿತು. ಆಚೆಯ ಮಲ್ಲುವೂ ಅವಳ ಮಗ ಮಲ್ಲುವಿನಂತೆ ಅವಳದೇ ಮೂಗು ಹೊತ್ತವನು.

"ಶುಕ್ರವಾರ ಬಾರವಾ, ಉಡಿ ತುಂಬತೀನಿ," ಎಂದಳು.

ಹಳ್ಳದ ಕಾವಲುಗಾರ ಬಸಲಿಂಗ ಔಷಧದ ಒಂದು ಹನಿಯನ್ನೂ ದಾಟಲು ಬಿಡುತ್ತಿರಲಿಲ್ಲ. ಆದರೆ ಮುತ್ತೈದೆಯ ಉಡಿಗೆ ಕೈ ಹಾಕುವ ಗಂಡಸು ಯಾವ ದಂಡೆಯಲ್ಲೂ ಇರಲಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲಿನ ಅಡಿಯಲ್ಲಿ ಅರ್ಧ ಬಾಟಲಿ ಔಷಧ ದಾಟಿತು. ಮುಂದಿನ ಶುಕ್ರವಾರ ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಜೋಡಿಯನ್ನು ಉಡಿಗೆ ಕರೆದರು.

ಸುಗ್ಗಿ ಮುಗಿಯಿತು. ಡಾಕ್ಟರಮ್ಮ ಎರಡೂ ಊರಿನ ಮಕ್ಕಳನ್ನು ತೂಗಿ ತಲೆಯಾಡಿಸಿದರು. "ಎರಡೂ ಕಡೆ ಒಂದೇ ತೂಕ. ಈ ಔಷಧದಿಂದ ಏನೂ ಉಪಯೋಗ ಇಲ್ಲ. ನಿಲ್ಲಿಸಿಬಿಡ್ತೀವಿ." ಉಳಿದ ಪೆಟ್ಟಿಗೆಗಳು ಜೀಪಿನತ್ತ ಹೊರಟವು.

ಬಾಳವ್ವ ಅಡ್ಡ ಬಂದು ಸೆರಗು ಒಡ್ಡಿದಳು. "ಉಪಯೋಗ ಇಲ್ಲಂದ್ರ ನಮಗಽ ಕೊಟ್ಟು ಹೋಗ್ರಿ, ಬಾಯಾರ."

ಅವಳ ಹಿಂದೆ ಈಚೆಯವರು, ಹಳ್ಳದಾಚೆ ಆಚೆಯವರು, ಎಲ್ಲ ಹೆಂಗಸರೂ ಸೆರಗು ಒಡ್ಡಿ ನಿಂತರು. ತೂಕ ತಪ್ಪಿದ್ದೆಲ್ಲಿ ಎಂಬುದು ಡಾಕ್ಟರಮ್ಮನಿಗೆ ಆಗ ತಿಳಿಯಿತು.