ಗುಳಿಯಿಲ್ಲದ ಮೊಟ್ಟೆ

ಟಿಕ್ ಎಂದಿತು. ಅಷ್ಟೇ. ಅಷ್ಟಕ್ಕೇ ಬ್ಲಿಯಾ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು, ಆ ನಡುರಾತ್ರಿ, ಬಾನ್ ವಿನಾಯ್ ನಿರಾಶ್ರಿತರ ಶಿಬಿರದ ನೀರಿನ ತೊಟ್ಟಿಯವರೆಗೆ ಓಡಿಬಿಟ್ಟಿದ್ದಳು. ಅಲ್ಲಿ ನಿಂತ ಮೇಲೆ ಪೂರ್ತಿ ಎಚ್ಚರವಾಯಿತು. ಹಿಂದೆ ಸಿಪಾಯಿಗಳಿಲ್ಲ, ಮುಂದೆ ಮೆಕಾಂಗ್ ನದಿಯಿಲ್ಲ. ತೊಟ್ಟಿಯ ಬುಡದಲ್ಲಿದ್ದ ನಾಯಿ ಅವಳನ್ನು ನೋಡಿ, ಬೊಗಳಲೂ ಬೇಸರಪಟ್ಟು, ಮಗ್ಗುಲು ಬದಲಿಸಿತು. ಲಾವೋಸಿನ ಬೆಟ್ಟ ಬಿಟ್ಟು ನದಿ ದಾಟಿ ಮೂರು ವರ್ಷವಾಗಿತ್ತು. ಓಡುವ ಮೊದಲು ಗಂಡನನ್ನು ಎಬ್ಬಿಸಬೇಕೆನ್ನುವುದು ಈ ಸಲವೂ ಅವಳಿಗೆ ಹೊಳೆದಿರಲಿಲ್ಲ.

ಬೆಳಗಾದರೆ ಅಮೆರಿಕಕ್ಕೆ ಹೊರಟವರ ಬಸ್ಸು. ಹಿಂದೆ ಎರಡು ಸಲ ಇವರ ಹೆಸರು ಬಂದಿತ್ತು. ಎರಡು ಸಲವೂ ಬಸ್ಸಿನ ಮೆಟ್ಟಿಲ ಬಳಿ ಬ್ಲಿಯಾಳ ಕಾಲು ನೆಲಕ್ಕೆ ಅಂಟಿಕೊಂಡಿತ್ತು. ಓಡುವುದರಲ್ಲಿ ಅಷ್ಟು ಚುರುಕಾದ ಕಾಲು! ಈ ಸಲವೂ ಹತ್ತದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಗುಮಾಸ್ತ ಹೇಳಿ ಹೋಗಿದ್ದ. ನದಿ ದಾಟುವಾಗ ಅವಳ ಅಮ್ಮ ಆಚೆ ದಡದಲ್ಲೇ ಉಳಿದಿದ್ದಳು. ಅಲ್ಲೇ ಇವಳ ಜೀವವೂ ನಿಂತುಬಿಟ್ಟಿದೆ ಎನ್ನುವುದು ಅತ್ತೆಯ ತೀರ್ಮಾನ. ಬೆಳಗ್ಗೆ ಬಾಗಿಲಲ್ಲಿ ನಿಂತು ಅದನ್ನು ಕರೆಯಬೇಕು. ಕರೆದ ಮೇಲೆ ಮೊಟ್ಟೆ ಬೇಯಿಸಿ ಸುಲಿಯಬೇಕು. ನುಣ್ಣಗಿದ್ದರೆ ಜೀವ ಬಂದಿದೆ, ಗುಳಿಯಿದ್ದರೆ ಬಂದಿಲ್ಲ.

"ನಾನು ಮಕ್ಕಳಿಗೆ ಅಕ್ಷರ ಕಲಿಸೋಳು, ಇದೆಲ್ಲ ನಂಬಲ್ಲ," ಎಂದು ಬ್ಲಿಯಾ ಗತ್ತಿನಿಂದ ಹೇಳಿದ್ದಳು. ಆಮೇಲೆ ದನಿ ತಗ್ಗಿಸಿ, "ಆದ್ರೆ ಗುಳಿ ಇದ್ರೆ ಬಸ್ ಹತ್ತಲ್ಲ," ಎಂದೂ ಸೇರಿಸಿದ್ದಳು.

ತೊಟ್ಟಿಯಿಂದ ನಾಚಿಕೊಂಡು ಮರಳಿ ಬಂದವಳು ಬಿದಿರು ಗೋಡೆಯ ಸಂದಿನಲ್ಲಿ ಬೆಳಕು ಕಂಡು ಇಣುಕಿದಳು. ಒಲೆಯ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತು ಬೆಂದ ಮೊಟ್ಟೆಯನ್ನು ಕಲ್ಲಿಗೆ ಕುಟ್ಟಿದಳು. ಟಿಕ್. ಸುಲಿದು, ಕೆಂಡದ ಬೆಳಕಿಗೆ ಹಿಡಿದು, "ಇದೂ ಗುಳಿ! ನಿನ್ನ ವಂಶ ಹಾಳಾಗ," ಎಂದು ಬೈದು ಬಾಯಿಗೆ ಹಾಕಿಕೊಂಡಳು. ಮೂರು ದಿನದಿಂದ ಅತ್ತೆಯ ಪಾಲಿನ ಒಣಮೀನು ಯಾವುದಕ್ಕೆ ಬದಲಾಗಿ ಮಾಯವಾಗುತ್ತಿತ್ತೆಂದು ಬ್ಲಿಯಾಳಿಗೆ ಈಗ ಗೊತ್ತಾಯಿತು.

ಚಾಪೆಯ ಮೇಲಿಂದ ಗಂಡ ಶುವಾ ತಲೆಯೆತ್ತಿದ. "ಅಮ್ಮ, ಏನ್ ತಿಂತಿದೀಯ ಇಷ್ಟೊತ್ನಲ್ಲಿ?"

"ಹೊಟ್ಟೆನೋವಿಗೆ ಮದ್ದು. ಮಲ್ಕೊ."

"ಮದ್ದು ಮೊಟ್ಟೆ ವಾಸ್ನೆ ಬರ್ತಿದೆ."

"ನನ್ ಮದ್ದು ಮೂಸೋ ಬದ್ಲು ನಿನ್ ಹೆಂಡ್ತಿ ಎಲ್ಲಿ ಅಂತ ನೋಡ್ಕೊ."

"ಓಡಿರ್ತಾಳೆ. ಬರ್ತಾಳೆ ಬಿಡು." ಅವನ ಗೊರಕೆ ಮತ್ತೆ ಶುರುವಾಯಿತು.

ನಾಲ್ಕನೆಯ ಮೊಟ್ಟೆ ನುಣ್ಣಗಿತ್ತು. ಅತ್ತೆ ಅದನ್ನು ನಾಲ್ಕು ಕಡೆಯಿಂದಲೂ ನೋಡಿ, ಬಾಳೆಲೆಯಲ್ಲಿ ಸುತ್ತಿ, ಸೊಂಟದ ಪಟ್ಟಿಯೊಳಗೆ ಸೇರಿಸಿಕೊಂಡಳು.

ಬೆಳಗ್ಗೆ, ಅಕ್ಕಿಯ ಬಟ್ಟಲಲ್ಲಿ ನೆಟ್ಟಗೆ ನಿಲ್ಲಿಸಿದ ಹಸಿ ಮೊಟ್ಟೆ, ಊದುಬತ್ತಿ, ಬಾಗಿಲಲ್ಲಿ ಅತ್ತೆ. ನಗು ತಡೆಯುವುದು ಹೇಗೆಂದೇ ಬ್ಲಿಯಾಳ ಚಿಂತೆ. "ಬಾ, ಬ್ಲಿಯಾಳ ಜೀವವೇ, ಬಾ. ಬಿದಿರು ಮೆಳೆಯಲ್ಲಿ ಅವಿತಿದ್ರೆ ಎದ್ದು ಬಾ, ಸಿಪಾಯಿಗಳು ಹೋದ್ರು. ನೀರಲ್ಲಿದ್ರೆ ಮೇಲಕ್ಕೆ ಬಾ, ಇಲ್ಲಿ ಬೆಂಕಿ ಇದೆ, ಅನ್ನ ಇದೆ." ಅತ್ತೆ ಊದುಬತ್ತಿಯನ್ನು ನದಿಯ ದಿಕ್ಕಿಗೆ ತಿರುಗಿಸಿದಳು. ನಂತರ ದನಿ ಇಳಿಸಿ, "ಅಮ್ಮನ ಹತ್ರ ನಿಂತಿದ್ರೆ, ಹೇಳಿ ಬಾ ತಾಯಿ. ಹೇಳಿ ಬಾ," ಎಂದಳು. ನಗು ತಡೆಯುವ ಪ್ರಮೇಯವೇ ಬರಲಿಲ್ಲ. ಬ್ಲಿಯಾ ತೋಳಿಗೆ ಮೂಗು ಒರೆಸಿಕೊಂಡಳು.

ಕುದಿಯುವ ನೀರಿನಿಂದ ಮೊಟ್ಟೆ ತೆಗೆದ ಅತ್ತೆ ಗೋಡೆಯ ಕಡೆ ತಿರುಗಿ ಕೂತು, ಬಹಳ ಹೊತ್ತು ಸುಲಿದಳು. "ನೋಡ್ರೋ! ಹಸುಗೂಸಿನ ಕೆನ್ನೆ! ಬಂತು ಕಣೆ ನಿನ್ ಜೀವ!" ಎಂದು ಮೊಟ್ಟೆಯನ್ನು ಬ್ಲಿಯಾಳ ಅಂಗೈಗಿಟ್ಟಳು. ಇಟ್ಟವಳೇ ಸೊಂಟದ ಪಟ್ಟಿ ಹಿಡಿದು ಒಂದು ಕಾಲಿನಿಂದ ಇನ್ನೊಂದಕ್ಕೆ ಜಿಗಿಯತೊಡಗಿದಳು.

"ಯಾಕಮ್ಮ ಕುಣಿತಿದೀಯ?"

"ಸಂತೋಷಕ್ಕೆ ಕಣೋ!" ಮುದುಕಿಯ ಕಣ್ಣಲ್ಲಿ ನೀರು ಬಂದಿತ್ತು.

ಬ್ಲಿಯಾಳ ಕೈಯಲ್ಲಿದ್ದ ಮೊಟ್ಟೆ ಬೆಳಗಿನ ಕಲ್ಲಿನಂತೆ ತಣ್ಣಗಿತ್ತು. "ಎಲ್ಲಿ, ಕೊಡು ನೋಡೋಣ," ಎಂದು ಶುವಾ ಕೈ ಚಾಚಿದ.

"ಮುಟ್ಬೇಡ, ಸುಡ್ತಿದೆ!" ಅವಳು ಮೊಟ್ಟೆಯನ್ನು ಈ ಕೈಯಿಂದ ಆ ಕೈಗೆ ಹಾರಿಸಿದಳು. ಉಫ್ ಉಫ್ ಎಂದು ಊದಿದಳು, ಊದೂದಿ ತಿಂದು ಮುಗಿಸಿದಳು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಮೊಟ್ಟೆ ತಣ್ಣಗಿದ್ದದ್ದನ್ನು ಯಾರಿಗೂ ಹೇಳಬಾರದು ಎಂದುಕೊಂಡು ಎದ್ದಳು: ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ, ಇನ್ನೂ ಆಚೆ ದಡದಲ್ಲೇ ನಿಂತಿರಬಹುದಾದ ತನ್ನ ಜೀವಕ್ಕಂತೂ ಇಲ್ಲವೇ ಇಲ್ಲ.